ದರಪಟ್ಟಿಯಲ್ಲಿ ಇಲ್ಲದ್ದು

2022ರ ಜೂನ್ 23ರ ಬೆಳಿಗ್ಗೆ ಅಮೆರಿಕದ ಡೆನ್ವರ್ ನಗರದಿಂದ ಆಪಾಳ ಮಗ ಫೋನ್ ಮಾಡಿದ. ಅಲ್ಲಿ ಆಗ ಹಿಂದಿನ ದಿನದ ರಾತ್ರಿ. "ಮಾಮು, ಖಾದ್ರಿ ಗೋಲ್ ಹೊಡೆದ! ಹೆಬ್ಬೆರಳು ಮುರಿದಿತ್ತು, ಆದರೂ ಹೊಡೆದ!" ಎಂದು ಒಂದೇ ಉಸಿರಿಗೆ ಕೂಗಿದ. ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ಕುಳಿತಿದ್ದೆ. ಖಾದ್ರಿ ಎಂದೊಡನೆ ನನಗೆ ನೆನಪಾದದ್ದು ಭದ್ರಾವತಿಯ ಉರ್ದು ಶಾಲೆಯಲ್ಲಿ ಲೆಕ್ಕ ಕಲಿಸಿದ, ಬೆತ್ತವಿಲ್ಲದೆ ತರಗತಿಗೆ ಬಾರದ ಮೇಷ್ಟರು. ಅವರು ಗೋಲ್ ಹೊಡೆಯುವುದನ್ನು ಕಲ್ಪಿಸಿಕೊಂಡು ನಗು ಬಂತು.

ಆಮೇಲೆ ಅವನೇ ಬಿಡಿಸಿ ಹೇಳಿದ. ಅವನು ಹೇಳುತ್ತಿದ್ದ ಹಾಕಿ ನಮ್ಮ ಹಾಕಿಯಲ್ಲ. ಮಂಜುಗಡ್ಡೆಯ ಮೇಲೆ ಕಾಲಿಗೆ ಸ್ಕೇಟ್ ಕಟ್ಟಿಕೊಂಡು, ಚೆಂಡಿನ ಬದಲು 'ಪಕ್' ಎಂಬ ಕರಿಯ ರಬ್ಬರ್ ಬಿಲ್ಲೆಯನ್ನು ಅಟ್ಟಾಡುವ ಆಟ. ಋತುವಿನ ಕೊನೆಗೆ 16 ತಂಡಗಳು ಪ್ಲೇಆಫ್‌ಗೆ ಬರುತ್ತವೆ. ಎರಡು ತಂಡಗಳು ಎದುರುಬದುರಾದರೆ ಒಂದು ದಿನದಲ್ಲಿ ಮುಗಿಯುವುದಿಲ್ಲ. ಏಳು ಪಂದ್ಯಗಳಲ್ಲಿ ಮೊದಲು ನಾಲ್ಕು ಗೆದ್ದವರು ಮುಂದಕ್ಕೆ. ಹಾಗೆ ನಾಲ್ಕು ಸುತ್ತು ದಾಟಿದರೆ ಸ್ಟ್ಯಾನ್ಲಿ ಕಪ್. ಅಲ್ಲಿನ ಬಾಸ್ಕೆಟ್‌ಬಾಲಿನ ಪ್ಲೇಆಫ್ ಕೂಡ ಇದೇ ಕ್ರಮದ್ದು.

ನಾಝೆಮ್ ಖಾದ್ರಿ ಕೆನಡಾದ ಲಂಡನ್ ಎಂಬ ಊರಿನವನು. ಅವನ ಅಜ್ಜ-ಅಜ್ಜಿ ಲೆಬನಾನಿನಿಂದ ವಲಸೆ ಬಂದವರು. ಆ ವರ್ಷ ಅವನು ಡೆನ್ವರಿನ ತಂಡವಾದ ಕೊಲರಾಡೊ ಅವಲಾಂಚ್‌ನಲ್ಲಿದ್ದ. ಅವನೇನೂ ಸಾಧು ಆಟಗಾರನಲ್ಲ. 2018, 2019, 2021ರ ಪ್ಲೇಆಫ್‌ಗಳಲ್ಲಿ ಎದುರಾಳಿಗಳ ಮೇಲೆ ಒರಟಾಗಿ ನುಗ್ಗಿ ಅಮಾನತು ಅನುಭವಿಸಿದವನು. 2022ರ ಎರಡನೇ ಸುತ್ತಿನಲ್ಲಿ ಸೇಂಟ್ ಲೂಯಿಸ್ ತಂಡದ ಗೋಲ್‌ಕೀಪರ್ ಅವನೊಂದಿಗೆ ಡಿಕ್ಕಿಯಾಗಿ ಗಾಯಗೊಂಡಾಗ ಜನ ಆಟದ ಬಗ್ಗೆ ಮಾತ್ರ ಬೈಯಲಿಲ್ಲ. ಅವನ ಧರ್ಮ, ಅವನ ಮೂಲ ಹಿಡಿದು ಬೈದರು. ಕೊಲ್ಲುವ ಬೆದರಿಕೆಗಳು ಬಂದವು. ಪೊಲೀಸ್ ರಕ್ಷಣೆ ಕೊಡಬೇಕಾಯಿತು. ಮುಂದಿನ ಪಂದ್ಯವನ್ನು ಅದೇ ಊರಿನಲ್ಲಿ, ಅದೇ ಜನರೆದುರು ಆಡಿ ಅವನು ಮೂರು ಗೋಲ್ ಹೊಡೆದ. ಅದರ ನಂತರದ ಸುತ್ತಿನಲ್ಲಿ ಹೆಬ್ಬೆರಳು ಮುರಿದು ಶಸ್ತ್ರಚಿಕಿತ್ಸೆಯಾಯಿತು. ಫೈನಲ್‌ನ ನಾಲ್ಕನೇ ಪಂದ್ಯಕ್ಕೆ ಮರಳಿ, ಟ್ಯಾಂಪಾದಲ್ಲಿ ಹೆಚ್ಚುವರಿ ಅವಧಿಯಲ್ಲಿ ಗೆಲುವಿನ ಗೋಲ್ ಹೊಡೆದ. ಪಕ್ ಬಲೆಯ ಮೇಲ್ಭಾಗದಲ್ಲಿ ಸಿಕ್ಕಿಕೊಂಡು ಒಂದೆರಡು ಕ್ಷಣ ಅದು ಎಲ್ಲಿ ಹೋಯಿತೆಂದೇ ಯಾರಿಗೂ ತಿಳಿಯಲಿಲ್ಲವಂತೆ. ನಾಲ್ಕು ದಿನಗಳ ನಂತರ ಕಪ್ ಅವರದಾಯಿತು.

ಕಪ್ ಗೆದ್ದ ತಂಡದ ಪ್ರತಿಯೊಬ್ಬ ಆಟಗಾರನಿಗೂ ಅದನ್ನು ಒಂದು ದಿನ ತನ್ನೊಂದಿಗೆ ಇಟ್ಟುಕೊಳ್ಳುವ ಅವಕಾಶವಿದೆ. ಖಾದ್ರಿ ಅದನ್ನು ಆಗಸ್ಟ್‌ನಲ್ಲಿ ತನ್ನೂರಿನ ಮಸೀದಿಗೆ ಒಯ್ದ. ಒಂದು ವರ್ಷದ ಹಿಂದೆ, 2021ರ ಜೂನ್ 6ರಂದು, ಅದೇ ಊರಿನಲ್ಲಿ ಸಂಜೆ ವಾಯುವಿಹಾರಕ್ಕೆ ಹೊರಟಿದ್ದ ಒಂದು ಮುಸ್ಲಿಂ ಕುಟುಂಬದ ಮೇಲೆ ಒಬ್ಬ ಟ್ರಕ್ ಹರಿಸಿದ್ದ. ಅಜ್ಜಿ, ಮಗ, ಸೊಸೆ, ಮೊಮ್ಮಗಳು ತೀರಿಕೊಂಡು ಒಂಬತ್ತು ವರ್ಷದ ಹುಡುಗನೊಬ್ಬನೇ ಬದುಕುಳಿದಿದ್ದ. ಆ ಊರಿನ ಮಕ್ಕಳು ಮಸೀದಿಯ ಬಳಿ ಬೆಳ್ಳಿಯ ಕಪ್ ಮುಟ್ಟಿ ನಗುತ್ತಿರುವ ಚಿತ್ರಗಳನ್ನು ನಾನು ಬಹಳ ಹೊತ್ತು ನೋಡಿದೆ.

ಅಂದಿನ ಫೋನಿನ ಕೊನೆಗೆ ನನ್ನ ಭಾಂಜಾ ನಗುತ್ತಾ, "ನನಗೂ 60 ಡಾಲರ್ ಬಂತು ಮಾಮು" ಎಂದಿದ್ದ. ನಾನೂ ನಕ್ಕೆ. ಎಲ್ಲಿಂದ ಬಂತು ಎಂದು ಕೇಳಲಿಲ್ಲ. ಕೇಳಬೇಕಿತ್ತು.

ಅದರ ಬದಲು ನಾನು ಅವನಿಗೆ ಬೇರೊಂದು ಪ್ರಶ್ನೆ ಹಾಕಿದೆ. "ನಿನ್ನ ಡೆನ್ವರಿನಲ್ಲಿ ಮಹಮೂದ್ ಅಬ್ದುಲ್ ರವೂಫ್ ಅಂತ ಒಬ್ಬ ಇದ್ದ, ಗೊತ್ತಾ?" ಅವನಿಗೆ ಗೊತ್ತಿರಲಿಲ್ಲ.

ನನಗೆ ಆ ಹೆಸರು ಗೊತ್ತಾದದ್ದು 1996ರಲ್ಲಿ. ಉರ್ದು ಶಾಲೆ ಮುಗಿಸಿ ಕನ್ನಡ ಹೈಸ್ಕೂಲಿಗೆ ಸೇರಿದ್ದೆ. ಅಲ್ಲಿನ ಮೈದಾನದಲ್ಲಿ ಬಲೆಯಿಲ್ಲದ ಒಂದು ಬಾಸ್ಕೆಟ್‌ಬಾಲ್ ರಿಂಗ್ ಇತ್ತು. ಅಬ್ಬಾಗೆ ಕಣ್ಣು ಮಂಜಾಗಿದ್ದರಿಂದ ಬೆಂಗಳೂರಿನಿಂದ ಬರುತ್ತಿದ್ದ ಉರ್ದು ಪತ್ರಿಕೆಯನ್ನು ದಿನವೂ ನಾನೇ ಓದಿ ಹೇಳಬೇಕಿತ್ತು. ಒಂದು ದಿನ ಒಳಪುಟದಲ್ಲಿ ಆ ಸುದ್ದಿ ಬಂತು: ರಾಷ್ಟ್ರಗೀತೆಗೆ ಎದ್ದು ನಿಲ್ಲದ ಅಮೆರಿಕದ ಮುಸ್ಲಿಂ ಆಟಗಾರನ ಅಮಾನತು.

ಅವನ ಮೊದಲ ಹೆಸರು ಕ್ರಿಸ್ ಜಾಕ್ಸನ್. ಮಿಸಿಸಿಪ್ಪಿಯ ಬಡ ಕರಿಯರ ಮನೆಯ ಹುಡುಗ. ಟುರೆಟ್ ಎಂಬ ನರದ ತೊಂದರೆಯಿಂದ ಮುಖ, ಕೈಗಳು ತಾವಾಗಿಯೇ ಅದುರುತ್ತಿದ್ದವು. ಒಂದು ಎಸೆತ ಮನಸ್ಸಿಗೆ ಸರಿಯೆನ್ನಿಸುವವರೆಗೆ ಮತ್ತೆ ಮತ್ತೆ ಎಸೆಯದೆ ಅವನಿಗೆ ಇರಲಾಗುತ್ತಿರಲಿಲ್ಲ. ಆ ಕಾಟವೇ ಅವನನ್ನು ಅಪ್ರತಿಮ ಗುರಿಕಾರನನ್ನಾಗಿ ಮಾಡಿತು. 1991ರಲ್ಲಿ ಇಸ್ಲಾಂ ಸ್ವೀಕರಿಸಿದ. 1993ರಲ್ಲಿ ಹೆಸರು ಬದಲಿಸಿಕೊಂಡ. 1993-94ರ ಋತುವಿನಲ್ಲಿ ಅವನ ಫ್ರೀ ಥ್ರೋಗಳಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ರಿಂಗಿನೊಳಗೆ ಬಿದ್ದವು.

ಆ ಋತುವಿನ ಕೊನೆಗೆ ಅವನ ಡೆನ್ವರ್ ನಗೆಟ್ಸ್ ಮಾಡಿದ್ದನ್ನು ಹಳಬರು ಇಂದಿಗೂ ನೆನೆಯುತ್ತಾರೆ. 42 ಗೆದ್ದು 40 ಸೋತಿದ್ದ ತಂಡ ಅದು. ಎಂಟನೇ ಸ್ಥಾನದಲ್ಲಿ ಹೇಗೋ ಪ್ಲೇಆಫ್‌ಗೆ ಬಂದಿತ್ತು. ಎದುರಿಗೆ 63 ಪಂದ್ಯ ಗೆದ್ದು ಮೊದಲ ಸ್ಥಾನದಲ್ಲಿದ್ದ ಸಿಯಾಟಲ್. ಆಗ ಮೊದಲ ಸುತ್ತು ಐದು ಪಂದ್ಯಗಳದ್ದು. ಡೆನ್ವರ್ ಮೊದಲ ಎರಡನ್ನೂ ಸೋತು, ತನ್ನೂರಿನಲ್ಲಿ ಎರಡು ಗೆದ್ದು, ಐದನೆಯದನ್ನು ಸಿಯಾಟಲ್‌ನಲ್ಲೇ ಹೆಚ್ಚುವರಿ ಅವಧಿಯಲ್ಲಿ ಗೆದ್ದಿತು. ಕಾಂಗೋ ದೇಶದ ನೀಳಕಾಯದ ಡಿಕೆಂಬೆ ಮುಟೊಂಬೊ ಚೆಂಡನ್ನು ಎರಡೂ ಕೈಗಳಲ್ಲಿ ತಲೆಯ ಮೇಲೆ ಹಿಡಿದು ನೆಲದ ಮೇಲೆ ಮಲಗಿ ನಗುವ ಚಿತ್ರ ಅಂದಿನದು. ಎಂಟನೆಯವರು ಮೊದಲನೆಯವರನ್ನು ಮಣಿಸಿದ್ದು ಆ ಲೀಗಿನ ಇತಿಹಾಸದಲ್ಲಿ ಅದೇ ಮೊದಲು.

ಎರಡು ವರ್ಷಗಳ ನಂತರ, 1996ರ ಫೆಬ್ರವರಿ 4ರಂದು, ಮೈಕೆಲ್ ಜೋರ್ಡಾನ್‌ನ ಶಿಕಾಗೊ ತಂಡ ಡೆನ್ವರಿಗೆ ಬಂತು. ಆ ಋತುವಿನಲ್ಲಿ ಶಿಕಾಗೊ 72 ಗೆದ್ದು 10 ಮಾತ್ರ ಸೋತಿತು. ಆ ಹತ್ತರಲ್ಲಿ ಒಂದು ಡೆನ್ವರಿನ ಸೋಲು. ಅಂದು ಅಬ್ದುಲ್ ರವೂಫ್ ಗಳಿಸಿದ್ದು 32 ಅಂಕ. ಊರು ಅವನನ್ನು ತಲೆಯ ಮೇಲೆ ಹೊತ್ತಿತು. ಐದು ವಾರ ಕಳೆಯುತ್ತಿದ್ದಂತೆ ಅದೇ ಊರು ಕೆಳಗಿಳಿಸಿತು. ಆ ಧ್ವಜ ದಬ್ಬಾಳಿಕೆಯ ಸಂಕೇತವೂ ಹೌದು ಎಂದು ಅವನು ಹೇಳಿದ್ದ. ಮಾರ್ಚ್ 12ರಂದು ಲೀಗ್ ಅವನನ್ನು ಅಮಾನತು ಮಾಡಿತು. ಒಂದು ಪಂದ್ಯದ ನಂತರ ರಾಜಿಯಾಯಿತು: ಎದ್ದು ನಿಲ್ಲುತ್ತೇನೆ, ಆದರೆ ತಲೆ ಬಾಗಿಸಿ ದುಆ ಮಾಡುತ್ತೇನೆ ಎಂದ. ಅಷ್ಟಕ್ಕೂ ಕೋಪ ತಣಿಯಲಿಲ್ಲ. ಅಲ್ಲಿನ ಒಂದು ರೇಡಿಯೊ ಕೇಂದ್ರದ ಜನ ಮಸೀದಿಯೊಳಕ್ಕೆ ನುಗ್ಗಿ ತುತ್ತೂರಿಯಲ್ಲಿ ರಾಷ್ಟ್ರಗೀತೆ ಊದಿದರು. ಋತು ಮುಗಿಯುತ್ತಲೇ ಅವನನ್ನು ಬೇರೆ ತಂಡಕ್ಕೆ ದಾಟಿಸಲಾಯಿತು. 2001ರ ಹೊತ್ತಿಗೆ ಆ ಲೀಗಿನಲ್ಲಿ ಅವನ ಆಟವೇ ಮುಗಿಯಿತು.

ಸುದ್ದಿ ಓದಿದಾಗ ನನಗೆ ಗೊಂದಲವಾಗಿತ್ತು. ನಾವು ಶಾಲೆಯಲ್ಲಿ ದಿನವೂ ಎದೆಯುಬ್ಬಿಸಿ ಜನಗಣಮನ ಹಾಡುತ್ತಿದ್ದವರು. ನಿಂತರೆ ಏನು ಕಳೆದುಹೋಗುತ್ತಿತ್ತು ಎಂದು ಕೇಳಿದೆ. ಅಬ್ಬಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾವು ಮೊಹಬ್ಬತ್ತಿನಿಂದ ನಿಲ್ಲುತ್ತೇವೆ ಬೇಟಾ. ನಿಲ್ಲದಿದ್ದರೆ ಹೊಡೆಯುತ್ತೇನೆ ಅಂದರೆ, ನಿಂತವನಲ್ಲಿ ಮೊಹಬ್ಬತ್ ಎಷ್ಟು, ಭಯ ಎಷ್ಟು ಅಂತ ತಿಳಿಯೋದು ಹೇಗೆ?" ಎಂದರು. ಅಬ್ಬಾ ಹೆಚ್ಚು ಓದಿದವರಲ್ಲ, ಕಾರ್ಖಾನೆಯ ಕೆಲಸಗಾರ. ಆ ಮಾತು ಮಾತ್ರ ನನ್ನಲ್ಲಿ ಉಳಿಯಿತು.

ಇಷ್ಟನ್ನೂ ಹೇಳಿ ಮುಗಿಸಿದಾಗ ಭಾಂಜಾ ಕೇಳಿದ್ದು ಒಂದೇ: "1994ರಲ್ಲಿ ಡೆನ್ವರ್ ಮೇಲೆ ದರ ಎಷ್ಟಿತ್ತು ಮಾಮು?"

ಆ ಪ್ರಶ್ನೆಯಲ್ಲಿದ್ದ ಕಾಯಿಲೆ ನನಗೆ ಕಾಣಿಸಲಿಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 2018ರಲ್ಲಿ ಕ್ರೀಡಾ ಬೆಟ್ಟಿಂಗಿಗಿದ್ದ ತಡೆಯನ್ನು ತೆಗೆದುಹಾಕಿತು. ಡೆನ್ವರ್ ಇರುವ ಕೊಲರಾಡೊದಲ್ಲಿ 2020ರ ಮೇ ತಿಂಗಳಿನಿಂದ ಅದು ಕಾನೂನುಬದ್ಧ. ಅದರ ತೆರಿಗೆಯಿಂದಲೇ ಅಲ್ಲಿ ನೀರಿನ ಯೋಜನೆಗಳಿಗೆ ಹಣ. ಫೋನಿನಲ್ಲಿ ಬೆರಳಾಡಿಸಿದರೆ ಸಾಕು. ಪ್ರತಿ ಪಂದ್ಯಕ್ಕೂ ದರಪಟ್ಟಿ ಇರುತ್ತದೆ. ಗೆಲ್ಲಬಹುದಾದ ತಂಡದ ಮುಂದೆ ಮೈನಸ್ 200 ಎಂದಿದ್ದರೆ 100 ಡಾಲರ್ ಲಾಭಕ್ಕೆ 200 ಕಟ್ಟಬೇಕು. ದುರ್ಬಲ ತಂಡದ ಮುಂದೆ ಪ್ಲಸ್ 170 ಎಂದಿದ್ದರೆ 100 ಕಟ್ಟಿದವನಿಗೆ 170 ಲಾಭ. ನೋಡಲು ನ್ಯಾಯವಾಗಿಯೇ ಇದೆ. ಆದರೆ ಎರಡೂ ಕಡೆ ಸಮಬಲವಿದ್ದಾಗಲೂ ಸಾಮಾನ್ಯವಾಗಿ 100 ಗಳಿಸಲು 110 ಕಟ್ಟಬೇಕು. ನೂರು ಸಲ ಕಟ್ಟಿ 50 ಗೆದ್ದು 50 ಸೋತವನು 5,000 ಗಳಿಸಿ 5,500 ಕಳೆದುಕೊಂಡಿರುತ್ತಾನೆ. ಬರಿಗೈಯಾಗದಿರಲು ನೂರಕ್ಕೆ 53 ಸಲ ಗೆಲ್ಲಬೇಕು. ದರ ಎಂಬುದು ಭವಿಷ್ಯವಾಣಿಯಲ್ಲ, ಅದೊಂದು ಬೆಲೆ. ಅದರಲ್ಲಿ ಅಂಗಡಿಯವನ ಲಾಭ ಮೊದಲೇ ಸೇರಿದೆ. ನಮ್ಮೂರಿನ ಚಹಾದಂಗಡಿಯ ಪಕ್ಕ ಓಸಿ ಚೀಟಿ ಬರೆಯುತ್ತಿದ್ದವನಿಗೂ ಈ ಲೆಕ್ಕ ಗೊತ್ತಿತ್ತು. ರಾತ್ರಿ ಬಿದ್ದ ಕನಸಿನಲ್ಲಿ ನಂಬರ್ ಹುಡುಕುತ್ತಿದ್ದ ಬಡವರಿಗೆ ಮಾತ್ರ ಗೊತ್ತಿರಲಿಲ್ಲ.

2023ರ ಮೇ ತಿಂಗಳಲ್ಲಿ ಬಾಸ್ಟನ್ ಮತ್ತು ಮಯಾಮಿ ಬಾಸ್ಕೆಟ್‌ಬಾಲ್ ತಂಡಗಳು ಎದುರಾದವು. ಎಂಟನೇ ಸ್ಥಾನದ ಮಯಾಮಿ ಮೊದಲ ಮೂರನ್ನೂ ಗೆದ್ದಿತು. ಬಾಸ್ಕೆಟ್‌ಬಾಲಿನಲ್ಲಿ ಅಲ್ಲಿಯವರೆಗೆ 150 ತಂಡಗಳು ಹಾಗೆ 0-3ರಲ್ಲಿ ಸಿಕ್ಕಿಬಿದ್ದಿದ್ದವು. ಒಂದೂ ಎದ್ದು ಬಂದಿರಲಿಲ್ಲ. ಮಂಜಿನ ಹಾಕಿಯಲ್ಲಾದರೋ 1942, 1975, 2010, 2014ರಲ್ಲಿ ನಾಲ್ಕು ತಂಡಗಳು ಎದ್ದು ಬಂದಿದ್ದವು. ಬಾಸ್ಟನ್ ಮುಂದಿನ ಎರಡನ್ನು ಗೆದ್ದು, ಆರನೆಯದನ್ನು ಗಡಿಯಾರದಲ್ಲಿ ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ಉಳಿದಿರುವಾಗ ಗೆದ್ದಿತು. 3-3. ಏಳನೆಯದು ಅವರದೇ ಊರಿನಲ್ಲಿ. ದರಪಟ್ಟಿ ಪೂರ್ತಿ ಬಾಸ್ಟನ್ ಕಡೆಗೆ ವಾಲಿತ್ತು.

ಭಾಂಜಾ ಫೋನ್ ಮಾಡಿ, "ಏನನ್ನಿಸುತ್ತೆ ಮಾಮು?" ಎಂದ. ನಾನು ಉತ್ಸಾಹದಲ್ಲಿದ್ದೆ. "ಕತೆಗಾರನಾಗಿ ಹೇಳ್ತೀನಿ ಬೇಟಾ, ಈ ಕತೆ ಬಾಸ್ಟನ್ ಗೆಲ್ಲದೆ ಮುಗಿಯೋಲ್ಲ" ಎಂದುಬಿಟ್ಟೆ.

ಪಂದ್ಯ ಶುರುವಾದ ಮೊದಲ ಕ್ಷಣಗಳಲ್ಲೇ ಬಾಸ್ಟನ್ನಿನ ಮುಖ್ಯ ಆಟಗಾರ ಜೇಸನ್ ಟೇಟಮ್‌ನ ಕಣಕಾಲು ಉಳುಕಿತು. ಮಯಾಮಿ 103-84ರಿಂದ ಗೆದ್ದಿತು. ಉಳುಕುವ ಕಾಲು ಯಾವ ದರಪಟ್ಟಿಯಲ್ಲೂ ಇರಲಿಲ್ಲ, ನನ್ನ ಕತೆಯಲ್ಲೂ ಇರಲಿಲ್ಲ.

ಎರಡು ದಿನ ಅವನ ಫೋನ್ ಇಲ್ಲ. ಮೂರನೇ ದಿನ ಬಂತು. ಆಪಾಳನ್ನು ಉಮ್ರಾಕ್ಕೆ ಕಳಿಸಲು ಮೂರು ವರ್ಷ ಕೂಡಿಟ್ಟ 6,000 ಡಾಲರ್ ಅಂದು ಒಂದೇ ರಾತ್ರಿಯಲ್ಲಿ ಹೋಗಿತ್ತು. ಅವನು ನನ್ನನ್ನು ದೂರಲಿಲ್ಲ. "ನೀವು ಹೇಳಿದ್ದಕ್ಕಲ್ಲ ಮಾಮು, ನನ್ನ ಬುದ್ಧಿ" ಎಂದು ಅತ್ತ. ಆದರೂ ಆ ವಾಕ್ಯ ಆಡಿದ ನಾಲಿಗೆ ನನ್ನದು. ಕುರ್‌ಆನ್ ಮದ್ಯವನ್ನೂ ಜೂಜನ್ನೂ ಜೊತೆಯಾಗಿ ಹೆಸರಿಸುವಾಗ ಅವುಗಳಲ್ಲಿ ಸ್ವಲ್ಪ ಪ್ರಯೋಜನವೂ ಇದೆಯೆಂಬುದನ್ನು ಮುಚ್ಚಿಡುವುದಿಲ್ಲ. ಕೇಡು ಅದಕ್ಕಿಂತ ದೊಡ್ಡದೆಂದು ತೂಗಿ ಹೇಳುತ್ತದೆ. ನಾನು ಒಂದು ರೂಪಾಯಿಯನ್ನೂ ಕಟ್ಟಿದವನಲ್ಲ. ಆದರೆ ಬದುಕು ನಾನು ಬಯಸಿದ ಅಂತ್ಯಕ್ಕೇ ಬಂದು ನಿಲ್ಲಬೇಕೆಂಬ ಹಟದಲ್ಲಿ ಕತೆಗಾರನಿಗೂ ಜೂಜುಕೋರನಿಗೂ ದೂರವೇನಿಲ್ಲ ಎಂದು ಅಂದು ತಿಳಿಯಿತು.

ಇದು ಅಮೆರಿಕದ ಕಾಯಿಲೆ ಮಾತ್ರವಲ್ಲ. ಐಪಿಎಲ್ ದಿನಗಳಲ್ಲಿ ನಮ್ಮ ಮೊಹಲ್ಲಾದ ಹುಡುಗರು ಫೋನಿಗೆ ಕಣ್ಣು ಅಂಟಿಸಿಕೊಂಡು ಕೂರುವುದನ್ನು ನೋಡಿದ್ದೇನೆ. 2025ರ ಆಗಸ್ಟ್‌ನಲ್ಲಿ ನಮ್ಮ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ಕಾಯ್ದೆ ಅಂಗಡಿಯ ಬಾಗಿಲು ಮುಚ್ಚೀತು. ಹುಡುಗರೊಂದಿಗೆ ಕೂತು ಮಾತಾಡುವ ಕೆಲಸ ಮಾಮುಗಳದ್ದೇ.

ಆ ಜೂನ್‌ನಲ್ಲಿ ಡೆನ್ವರ್ ನಗೆಟ್ಸ್ ಅದೇ ಮಯಾಮಿಯನ್ನು 4-1ರಿಂದ ಸೋಲಿಸಿ ಮೊದಲ ಬಾರಿಗೆ ಚಾಂಪಿಯನ್ ಆಯಿತು. ಎಂಟನೆಯವರಾಗಿ ಮೊದಲನೆಯವರನ್ನು ಕೆಡವಿದ್ದ ಊರು, 29 ವರ್ಷಗಳ ನಂತರ ಮೊದಲನೆಯವರಾಗಿ ಎಂಟನೆಯವರನ್ನು ಕೆಡವಿತು. ಬೀದಿಯ ತುಂಬ ಸಂಭ್ರಮವಿದ್ದಾಗ ಭಾಂಜಾ ಕೋಣೆಯಲ್ಲಿ ಕುಳಿತು ಅಬ್ದುಲ್ ರವೂಫ್‌ನ ಹಳೆಯ ಪಂದ್ಯಗಳನ್ನು ನೋಡುತ್ತಿದ್ದನಂತೆ. "ಗೀತೆಯ ಹೊತ್ತಿನಲ್ಲಿ ಅಂಗೈ ಎರಡೂ ಮುಖದ ಮುಂದೆ ಹಿಡಿದು ನಿಂತಿದ್ದಾನೆ ಮಾಮು. ಸುತ್ತ ಅಷ್ಟು ಜನ ಇದ್ದರೂ ಒಬ್ಬನೇ ಇದ್ದ ಹಾಗಿದೆ" ಎಂದ. ಅಂದು ಅವನು ದರ ಕೇಳಲಿಲ್ಲ.

ಆಪಾ ಕೊನೆಗೆ ಉಮ್ರಾಕ್ಕೆ ಹೋಗಿ ಬಂದಳು, ಒಂದೂವರೆ ವರ್ಷ ತಡವಾಗಿ. ತಡವಾದದ್ದೇಕೆಂದು ಅವಳಿಗೆ ಇಂದಿಗೂ ಗೊತ್ತಿಲ್ಲ. ಮಗನಿಗೆ ರಜೆ ಸಿಗಲಿಲ್ಲವೆಂದೇ ನಂಬಿದ್ದಾಳೆ. ಅವಳು ಉರ್ದು ಮಾತ್ರ ಓದುತ್ತಾಳೆ. ಭಾಂಜಾನ ಒಪ್ಪಿಗೆ ಪಡೆದು ಇದನ್ನು ಕನ್ನಡದಲ್ಲಿ ಬರೆದಿದ್ದೇನೆ. ಮಕ್ಕಾದಿಂದ ಬಂದವಳು ನನ್ನ ಕೈಗೆ ಝಮ್‌ಝಮ್ ನೀರಿನ ಬಾಟಲಿ ಕೊಟ್ಟು, "ಅಲ್ಲಿ ನಿಮ್ಮಿಬ್ಬರಿಗೂ ಒಟ್ಟಿಗೇ ದುಆ ಮಾಡಿದೆ" ಎಂದಳು. ನಾನು ತಲೆ ತಗ್ಗಿಸಿ ಬಾಟಲಿ ತೆಗೆದುಕೊಂಡೆ.