ಜಟಕಾ ಕುದುರೆ

ಎತ್ತನ್ನು ಸಾಕಬಲ್ಲವನು ಕುದುರೆಯನ್ನೂ ಸಾಕಬಲ್ಲನೆಂಬುದು ನಮ್ಮ ಹಳ್ಳಿಗಳ ಹಳೆಯ ನಂಬಿಕೆ. ಕೃಷ್ಣರಾಜನಗರ ಸೀಮೆಯ ಭೇರ್ಯದ ಸುತ್ತಮುತ್ತ, ಬತ್ತದ ಗದ್ದೆಗಳ ನಡುವೆ ಬೆಳೆದವರಿಗೆ ಎತ್ತಿನ ಪರಿಚಯ ಹುಟ್ಟಿನಿಂದಲೇ ಬಂದದ್ದು. ಹೀಗಾಗಿ ಈ ನಂಬಿಕೆ ಸಹಜವೇ. ಆದರೆ ಎರಡೂ ಹುಲ್ಲು ತಿನ್ನುವ ಪ್ರಾಣಿಗಳೆಂಬುದನ್ನು ಬಿಟ್ಟರೆ ಹೊಟ್ಟೆಯ ವಿಷಯದಲ್ಲಿ ಅವುಗಳಿಗೆ ಅಜಗಜಾಂತರ. ಎತ್ತು ಅವಸರದಲ್ಲಿ ಮೇದು, ನೆರಳಿನಲ್ಲಿ ಮಲಗಿ ಮೆಲುಕು ಹಾಕುತ್ತದೆ. ಅದರ ದೊಡ್ಡ ಹೊಟ್ಟೆ ನೂರು ಲೀಟರಿಗೂ ಮೀರಿ ಹಿಡಿಯುತ್ತದೆ. ಕುದುರೆಗೆ ಮೆಲುಕಿಲ್ಲ. ಅಷ್ಟು ದೊಡ್ಡ ದೇಹದಲ್ಲಿ ಜಠರ ಹಿಡಿಯುವುದು 8ರಿಂದ 15 ಲೀಟರು ಮಾತ್ರ. ತಿಂದದ್ದು ಒಗ್ಗದಿದ್ದರೆ ವಾಂತಿ ಮಾಡಿಕೊಳ್ಳುವ ಶಕ್ತಿಯೂ ಅದಕ್ಕಿಲ್ಲ. ಎತ್ತಿನ ಹೊಟ್ಟೆಯುಬ್ಬರಕ್ಕೆ ಮದ್ದು ಬಲ್ಲ ರೈತನೂ ಕುದುರೆಯ ಹೊಟ್ಟೆನೋವಿನ ಮುಂದೆ ಕೈಚೆಲ್ಲುವುದು ಇದರಿಂದಲೇ.

ಇದನ್ನು ನಾನು ಪುಸ್ತಕದಲ್ಲಿ ಓದುವುದಕ್ಕೆ ಮೊದಲೇ ನಮ್ಮ ಬೀದಿಯ ಜಟಕಾ ತಾತನ ಲಾಯದಲ್ಲಿ ನೋಡಿ ತಿಳಿದಿದ್ದೆ. ಸಂತೆಯ ದಿನಗಳಲ್ಲಿ ಜನರನ್ನು ಒಯ್ದು ತರುವ ಬಾಡಿಗೆಯಿಂದಲೇ ಅವರ ಸಂಸಾರ ಸಾಗಬೇಕಿತ್ತು. ಕುದುರೆ ಎರಡು ದಿನ ಮಲಗಿದರೆ ಮನೆಯ ಒಲೆಯೂ ಎರಡು ದಿನ ಮಲಗುವ ಸ್ಥಿತಿ. ಸಂಜೆ ಗಾಡಿ ಬಿಚ್ಚಿದೊಡನೆ ಅವರು ಬೆವರೊರೆಸಿ, ಮೈ ತಿಕ್ಕಿ, ಮೂಕಿಯೂ ಪಟ್ಟಿಯೂ ಉಜ್ಜುವ ಜಾಗಗಳನ್ನು ಬೆರಳಿನಿಂದ ತಡವಿ ನೋಡುವರು. ಬೇಯಿಸಿದ ಹುರುಳಿಯನ್ನು ತೌಡಿನೊಡನೆ ಕಲಸಿ ಒಮ್ಮೆಗೇ ಸುರಿಯದೆ ಮೂರು ಹೊತ್ತಿಗೆ ಹಂಚಿ ಇಡುವರು.

“ತಾತ, ನಿಮ್ಮ ಊಟ ಆಯಿತೆ?” ಎಂದು ಕೇಳಿದರೆ, “ಮೊದಲು ಇವಳದ್ದಾಗಲಿ ಮಗಾ” ಎನ್ನುವರು.

ಬೇಸಿಗೆಯಲ್ಲಿ ಅವರ ಚಿಂತೆಯೆಲ್ಲ ನೀರಿನದು. ಕುದುರೆಗೆ ದಿನಕ್ಕೆ 25ರಿಂದ 40 ಲೀಟರು ನೀರು ಬೇಕು. ಬಿಸಿಲಿನಲ್ಲಿ ಗಾಡಿ ಎಳೆದರೆ ಇನ್ನೂ ಹೆಚ್ಚು. ಬೆವರಿನೊಡನೆ ಉಪ್ಪೂ ಹರಿದುಹೋಗುವುದರಿಂದ ಹುರುಳಿಗೆ ಒಂದು ಹಿಡಿ ಉಪ್ಪು ಬೀಳುತ್ತಿತ್ತು. ದಣಿದು ಬಂದ ಕುದುರೆ ಗಟಗಟನೆ ಕುಡಿಯದಿರಲೆಂದು ತಾತ ಬಕೆಟ್ಟಿನ ಮೇಲೆ ಒಂದಿಷ್ಟು ಒಣಹುಲ್ಲು ತೇಲಿಬಿಡುವರು. ಅದು ಹುಲ್ಲನ್ನು ಮೂತಿಯಿಂದ ಸರಿಸುತ್ತ ನಿಧಾನವಾಗಿ ಹೀರುತ್ತಿತ್ತು. ಬೆವರಿದ ಕುದುರೆಗೆ ನೀರನ್ನೇ ಕೊಡಬಾರದೆಂದು ಹೇಳುವವರೂ ಆಗ ಇದ್ದರು. ಬಾಯಾರಿದ ಪ್ರಾಣಿಯನ್ನು ಕಾಯಿಸಬಾರದು, ಸ್ವಲ್ಪ ಸ್ವಲ್ಪವಾಗಿ ಕೊಡುತ್ತಿರಬೇಕೆಂಬುದೇ ಇಂದಿನ ಪಶುವೈದ್ಯರ ಮತ. ತಾತನ ಹುಲ್ಲಿನ ಉಪಾಯ ಇದಕ್ಕೆ ಹತ್ತಿರವಾದದ್ದು.

ಮಳೆಗಾಲವೇ ನಿಜವಾದ ಪರೀಕ್ಷೆ. ಕುದುರೆಯ ಗೊರಸು ನಮ್ಮ ಉಗುರಿನಂತೆ ಬೆಳೆಯುವಂಥದು. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರು. ಆದ್ದರಿಂದ ಆರೇಳು ವಾರಕ್ಕೊಮ್ಮೆ ಲಾಳ ಕಿತ್ತು, ಗೊರಸು ಸವರಿ, ಮತ್ತೆ ಹೊಡೆಯಬೇಕು. ಕೆಸರಿನಲ್ಲಿ ನಿಂತರೆ ಗೊರಸಿನ ನಡುವಣ ಮೆತ್ತನೆಯ ಭಾಗ ಕೊಳೆತು ನಾರುತ್ತದೆ. ಲಾಳದ ಮೊಳೆ ತಪ್ಪಿ ಒಳಗೆ ಹೊಕ್ಕರಂತೂ ಧನುರ್ವಾಯುವಿನ ಭಯ. ಆ ರೋಗಕ್ಕೆ ಬಹುಬೇಗ ತುತ್ತಾಗುವ ಪ್ರಾಣಿಗಳಲ್ಲಿ ಕುದುರೆಯೂ ಒಂದು. ರಕ್ತ ಹೀರುವ ದೊಡ್ಡ ನೊಣಗಳನ್ನು ಓಡಿಸಲು ತಾತ ಲಾಯದಲ್ಲಿ ಬೇವಿನ ಸೊಪ್ಪಿನ ಹೊಗೆ ಹಾಕುವರು. ಆ ನೊಣಗಳು ‘ಸರ್ರಾ’ ಎಂಬ ಜ್ವರವನ್ನು ಹರಡುತ್ತವೆ. ಅದರ ಸೂಕ್ಷ್ಮಜೀವಿಯನ್ನು ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯನು 1880ರಲ್ಲಿ, ಅಂದಿನ ಪಂಜಾಬಿನಲ್ಲಿ, ರೋಗಿ ಕುದುರೆಗಳ ರಕ್ತದಲ್ಲೇ ಕಂಡುಹಿಡಿದನು.

ಒಂದು ವರ್ಷ ಮುಂಗಾರು ಸುರಿದು ಬದುಗಳಲ್ಲಿ ಗರಿಕೆ ಚಿಗುರಿತ್ತು. ತಿಂಗಳುಗಟ್ಟಲೆ ಒಣಹುಲ್ಲು ಕಂಡಿದ್ದ ಕುದುರೆ ಹಗ್ಗ ಹರಿದುಕೊಂಡು ಹೊಟ್ಟೆ ಬಿರಿಯುವಂತೆ ಮೇದುಬಂದಿತು. ರಾತ್ರಿ ಅದು ನೆಲವನ್ನು ಕೆರೆಯತೊಡಗಿತು. ಮತ್ತೆ ಮತ್ತೆ ತಿರುಗಿ ತನ್ನ ಪಕ್ಕೆಯನ್ನೇ ನೋಡಿಕೊಂಡಿತು. ಬಳಿಕ ಬಿದ್ದು ಹೊರಳಾಡಿತು. ತಾತನ ಮಗ ಸೈಕಲ್ಲಿನಲ್ಲಿ ಪಶುವೈದ್ಯರನ್ನು ಕರೆತರಲು ಹೋದನು. ಹೊರಳಿ ಪೆಟ್ಟಾಗದಿರಲೆಂದು ತಾತ ಅದನ್ನು ಎಬ್ಬಿಸಿ ಮೆಲ್ಲಗೆ ನಡೆಸುತ್ತಿದ್ದರು. ನಾನು ಲಾಂದ್ರ ಹಿಡಿದು ಹಿಂದೆಯೇ ನಡೆದೆ. ಅಂದು ಅವರು ಒಂದು ಮಾತನ್ನೂ ಆಡಲಿಲ್ಲ. ವೈದ್ಯರು ಬಂದು ಹೊಟ್ಟೆಗೆ ಕಿವಿಗೊಟ್ಟು ಕೇಳಿ, ನೋವಿಗೆ ಸೂಜಿ ಚುಚ್ಚಿ, ಮೂಗಿನಿಂದ ಉದ್ದನೆಯ ಕೊಳವೆ ಇಳಿಸಿ ಎಣ್ಣೆಯಂಥ ಔಷಧವನ್ನು ಹೊಯ್ದರು. ಬೆಳಗಿನ ಜಾವ ಕುದುರೆ ಲದ್ದಿ ಹಾಕಿತು. ಲದ್ದಿಯನ್ನು ಕಂಡು ಮನುಷ್ಯರು ಅಷ್ಟು ಸಂತೋಷಪಡುವುದನ್ನು ನಾನು ಬೇರೆಲ್ಲೂ ನೋಡಿಲ್ಲ!

ಮರುದಿನ ಸಂತೆ. ಬಾಡಿಗೆ ಕೇಳಿ ಬಂದವರನ್ನೆಲ್ಲ ತಾತ ಕೈಮುಗಿದು ಹಿಂದಕ್ಕೆ ಕಳುಹಿಸಿದರು. ವಾರದವರೆಗೂ ಗಾಡಿಯ ಮೂಕಿ ನೆಲದ ಮೇಲೆಯೇ ಇತ್ತು. ಅಲ್ಲಿಂದ ಮುಂದೆ ಪ್ರತಿ ಮುಂಗಾರಿನಲ್ಲೂ ಅವರು ಹಸಿಹುಲ್ಲನ್ನು ಮೊದಲ ದಿನ ಒಂದು ಹಿಡಿ, ಎರಡನೆಯ ದಿನ ಎರಡು ಹಿಡಿ ಎಂದು ಎಣಿಸಿ, ಒಣಹುಲ್ಲಿನೊಡನೆ ಬೆರೆಸಿ ಹಾಕುತ್ತಿದ್ದರು.

ಚಳಿಗಾಲದ ಆರೈಕೆ ಇದಕ್ಕಿಂತ ಸುಲಭ. ಬೆವರು ಆರುವವರೆಗೆ ಗಾಳಿಗೆ ನಿಲ್ಲಿಸದೆ, ಇರುಳು ಬೆನ್ನ ಮೇಲೆ ಗೋಣಿತಟ್ಟು ಹೊದಿಸಿದರೆ ನಮ್ಮ ಸೀಮೆಯ ಚಳಿಗೆ ಸಾಕು.

ನಮ್ಮ ಬೀದಿಯ ಲಾಯ ಈಗಿಲ್ಲ. ಮೈಸೂರಿನ ಅರಮನೆಯ ಸುತ್ತ ಮಾತ್ರ ಪ್ರವಾಸಿಗರಿಗಾಗಿ ಕೆಲವು ಜಟಕಾಗಳು ಇನ್ನೂ ಓಡುತ್ತವೆ. ದಸರೆಯಲ್ಲಿ ಪೋಲೀಸು ಅಶ್ವದಳದ ಕುದುರೆಗಳು ಮೈ ಮಿನುಗಿಸುತ್ತ ಸಾಲಾಗಿ ಹೋಗುವಾಗ ಎಲ್ಲರೂ ಅವುಗಳ ನಡಿಗೆಯನ್ನು ನೋಡುತ್ತಾರೆ. ನನ್ನ ಕಣ್ಣು ಮೊದಲು ಗೊರಸಿನ ಕಡೆಗೆ ಹೋಗುತ್ತದೆ, ಆಮೇಲೆ ಪಟ್ಟಿ ಉಜ್ಜುವ ಜಾಗಗಳ ಕಡೆಗೆ.