ಗುಂಡಿ ಒತ್ತಿದರೆ ತಾಳ

ಸಿಂಕ್ ಎಂಬ ಗುಂಡಿ ಹೆಬ್ಬೆರಳಿನ ಉಗುರಿಗಿಂತ ದೊಡ್ಡದೇನಲ್ಲ. ಒತ್ತಿದರೆ, ಓಡುತ್ತಿರುವ ಹಾಡಿನ ಹೊಡೆತಕ್ಕೆ ಮುಂದಿನ ಹಾಡಿನ ಹೊಡೆತ ತಾನಾಗಿ ಬಂದು ಕೂಡಿಕೊಳ್ಳುತ್ತದೆ. ಇಷ್ಟಕ್ಕೇ ನಮ್ಮವರಲ್ಲಿ ಎರಡು ಪಂಗಡ. ಒತ್ತುವವರನ್ನು ಒತ್ತದವರು ಡಿಜೆ ಎಂದೇ ಒಪ್ಪುವುದಿಲ್ಲ. ಒತ್ತದವರನ್ನು ಒತ್ತುವವರು ‘ಅಂಕಲ್’ ಎಂದು ಕರೆದು ಸುಮ್ಮನಾಗುತ್ತಾರೆ. ನಾನು ಅಂಕಲ್ ಪಂಗಡದವನು. (ಡಿಜೆ ಎಂದಕೂಡಲೇ ಗಣಪತಿ ಮೆರವಣಿಗೆಯಲ್ಲಿ ಲಾರಿ ಮೇಲೆ ಹೇರಿಕೊಂಡು ಬರುವ ಬಾಕ್ಸುಗಳನ್ನು ನೆನೆದು ಕಿವಿ ಮುಚ್ಚಿಕೊಳ್ಳಬೇಡಿ. ನಾನು ಹೇಳುತ್ತಿರುವುದು, ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದನ್ನು ಅದರೊಳಗೆ ಬೆರೆಸಿ, ಕುಣಿಯುವವರ ಕಾಲು ನಿಲ್ಲದ ಹಾಗೆ ನೋಡಿಕೊಳ್ಳುವ ಮನುಷ್ಯನ ಬಗ್ಗೆ.)

ಈಗ ನನ್ನ ಅಣ್ಣನ ಮಗಳು ಒತ್ತುವವರ ಪಂಗಡ ಸೇರಿದ್ದಾಳೆ. ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ಲ್ಯಾಪ್‌ಟಾಪಿಗೆ ಸಿಕ್ಕಿಸುವ ಸಣ್ಣ ಕಂಟ್ರೋಲರ್ ಒಂದನ್ನು ಕೊಂಡು ತಂದ ಸಂಜೆಯೇ ಸಾಲಾಗಿ ಹಾಡು ಬೆರೆಸಿ ಕೇಳಿಸಿದಳು. ಎಲ್ಲೂ ಎಡವಲಿಲ್ಲ. “ಚಿಕ್ಕಪ್ಪ, ಇದಕ್ಕೆ ಅಂತ ನೀನು ಎಷ್ಟು ದಿನ ಒದ್ದಾಡಿದ್ದೆ?” ಅಂದಳು. ಧ್ವನಿಯಲ್ಲಿ ತಮಾಷೆಗಿಂತ ಮರುಕವೇ ಹೆಚ್ಚಿತ್ತು.

ಒದ್ದಾಟ ನಮ್ಮ ಮನೆಗೆ ಹೊಸದಲ್ಲ. ಅಪ್ಪನದು ಮೈಕ್‌ಸೆಟ್ ಅಂಗಡಿ. ಒಂದು ಅಹುಜಾ ಆಂಪ್ಲಿಫೈಯರ್, ಮರಕ್ಕೆ ಕಟ್ಟುವ ಹಾರ್ನುಗಳು, ಒಂದು ರೆಕಾರ್ಡ್ ಪ್ಲೇಯರ್, ಟ್ರಂಕಿನ ತುಂಬ ಪ್ಲೇಟು. ಮದುವೆ, ಜಾತ್ರೆ, ಚುನಾವಣೆ, ಎಲ್ಲಕ್ಕೂ ಅದೇ ಸಾಮಾನು. ಮುಳ್ಳು ಹಾರತೊಡಗಿದರೆ ಅದರ ತೋಳಿನ ತುದಿಯ ಮೇಲೆ ಒಂದು ನಾಣ್ಯ ಇಡುತ್ತಿದ್ದರು. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ ತಾಳ ಕೂಡಬೇಕು ಎಂಬ ಚಿಂತೆ ಯಾರಿಗೂ ಇರಲಿಲ್ಲ. ಆ ಸಂದಿ ಇದ್ದದ್ದೇ “ಗಂಡಿನ ಕಡೆಯವರು ದಯಮಾಡಿ ಊಟಕ್ಕೆ ಏಳಬೇಕು” ಎನ್ನುವುದಕ್ಕೆ. ಮುಳ್ಳನ್ನು ‘ಕರ್’ ಎನ್ನಿಸದೆ ಪ್ಲೇಟಿನ ಮೇಲೆ ಇಳಿಸುವುದೇ ಅಪ್ಪನ ಲೆಕ್ಕದಲ್ಲಿ ವಿದ್ಯೆ. ಅದು ಅಣ್ಣನಿಗೆ ಹತ್ತಲಿಲ್ಲ. ಅದಕ್ಕೇ ಅವನು ಬ್ಯಾಂಕು ಸೇರಿ ಉದ್ಧಾರವಾದ ಎಂದು ಅಮ್ಮ ಹೇಳುತ್ತಿದ್ದಳು.

ನನಗೆ ಹತ್ತಿದ್ದರಿಂದ ತೊಂಬತ್ತರ ದಶಕದ ಕೊನೆಗೆ ನಾನು ಬೆಂಗಳೂರಿನ ಬ್ರಿಗೇಡ್ ರಸ್ತೆಯ ಆಸುಪಾಸಿನ ಒಂದು ಪಬ್ಬಿನಲ್ಲಿ ಬಂದು ನಿಂತೆ. ಅಲ್ಲಿ ಎರಡು ಟೆಕ್ನಿಕ್ಸ್ ಟರ್ನ್‌ಟೇಬಲ್, ನಡುವೆ ಒಂದು ಮಿಕ್ಸರ್, ಅದರ ಹಿಂದೆ ಮಾತು ಕಡಿಮೆಯ ಒಬ್ಬ ಸೀನಿಯರ್. ಹೆಡ್‌ಫೋನನ್ನು ನನ್ನ ಎಡಗಿವಿಗೆ ಮಾತ್ರ ಒತ್ತಿ, ಬಲಗಿವಿಯನ್ನು ಬಿಡಿಸಿ, “ಒಳಗೆ ಕೇಳ್ತಿರೋದು ಮುಂದಿನ ಹಾಡು, ಹೊರಗೆ ಕೇಳ್ತಿರೋದು ಈಗಿನದು. ಯಾವುದು ಮುಂದೆ ಓಡ್ತಿದೆ ಹೇಳು” ಅಂದರು. ಎರಡೂ ನನ್ನ ತಲೆಯ ಮೇಲೆ ಓಡುತ್ತಿದ್ದವು. ಹಾಗಂತ ಹೇಳಿದೆ. ಅವರು ನಗಲಿಲ್ಲ.

ಇದರ ಲೆಕ್ಕ ಸರಳ, ನಿಭಾಯಿಸುವುದು ಕಷ್ಟ. ಒಂದು ಹಾಡಿಗೆ ನಿಮಿಷಕ್ಕೆ 120 ಹೊಡೆತ, ಇನ್ನೊಂದಕ್ಕೆ 121 ಎಂದಿಟ್ಟುಕೊಳ್ಳಿ. ಎರಡನ್ನೂ ಒಟ್ಟಿಗೇ ಬಿಟ್ಟರೆ ಮೊದಲ ಕೆಲವು ಕ್ಷಣ ಎಲ್ಲ ಚೆಂದ. ಅರ್ಧ ನಿಮಿಷಕ್ಕೆ ಒಂದರ ಹೊಡೆತ ಇನ್ನೊಂದರ ಎರಡು ಹೊಡೆತಗಳ ನಟ್ಟನಡುವೆ ಬಂದು ಬೀಳುತ್ತದೆ. ಅದಕ್ಕೂ ಮೊದಲೇ ಕುದುರೆ ಕೆನೆದು ಓಡಿದಂಥ ಸದ್ದು ಶುರುವಾಗಿ ಕುಣಿಯುವವರು ತಲೆಯೆತ್ತಿ ನಿಮ್ಮ ಕಡೆ ನೋಡುತ್ತಾರೆ. ಆದ್ದರಿಂದ ಪಕ್ಕದ ಸ್ಲೈಡರ್ ಸರಿಸಿ ಪ್ಲೇಟಿನ ವೇಗವನ್ನು ಕೂದಲೆಳೆಯಷ್ಟು ಇಳಿಸಬೇಕು. ಓಡಿದ್ದನ್ನು ಹಿಡಿಯಲು ತಟ್ಟೆಯ ಅಂಚನ್ನು ಬೆರಳಿನಿಂದ ಸವರಬೇಕು, ಹಿಂದೆ ಬಿದ್ದದ್ದನ್ನು ಲೇಬಲ್ಲಿನ ಮೇಲೆ ಬೆರಳಿಟ್ಟು ಮುಂದಕ್ಕೆ ತಳ್ಳಬೇಕು. ಇದೆಲ್ಲ ಎಡಗಿವಿಯೊಳಗೆ ನಡೆಯುತ್ತಿರುವಾಗ ಬಲಗಿವಿಯ ಹಾಡು ಮುಗಿಯುತ್ತ ಬಂದಿರುತ್ತದೆ. ಹಗಲು ಪಬ್ಬು ಖಾಲಿ ಇರುವಾಗ ಹೋಗಿ ನಾನು ಒಂದಿಡೀ ಮಳೆಗಾಲ ಈ ಕೆಲಸ ಮಾಡಿದೆ. ಒಂದು ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ, ಎರಡು ಹಾಡಿನಲ್ಲಿ ಯಾವುದು ಆತುರದ್ದು ಎಂದು ಯೋಚಿಸದೆಯೇ ಗೊತ್ತಾಯಿತು. ಆಮೇಲೆ ಎಂದೂ ಮರೆಯಲಿಲ್ಲ.

ಈ ಕಥೆಯನ್ನು ನಾನು ಎಷ್ಟೋ ಹುಡುಗರಿಗೆ ಹೇಳಿದ್ದೇನೆ, ಎದೆಯುಬ್ಬಿಸಿಯೇ ಹೇಳಿದ್ದೇನೆ. ಆದರೆ ಈ ವಿದ್ಯೆಯ ಹುಟ್ಟನ್ನು ಸ್ವಲ್ಪ ಕೆದಕಿದರೆ ಉಬ್ಬಿದ ಎದೆ ತಾನಾಗಿ ಇಳಿಯುತ್ತದೆ.

ತಾಳಕ್ಕೆ ತಾಳ ಕೂಡಿಸುವುದನ್ನು ಕುಣಿತದ ಮನೆಗಳಲ್ಲಿ ನೆಲೆಗೊಳಿಸಿದವನು ನ್ಯೂಯಾರ್ಕಿನ ಫ್ರಾನ್ಸಿಸ್ ಗ್ರಾಸೊ. ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ಮ್ಯಾನ್‌ಹಟನ್ನಿನಲ್ಲಿ ಜರ್ಮನ್ ಬ್ಯಾಪ್ಟಿಸ್ಟರ ಹಳೆಯ ಚರ್ಚೊಂದನ್ನು ‘ಸ್ಯಾಂಕ್ಚುಯರಿ’ ಎಂಬ ಕ್ಲಬ್ ಮಾಡಿದ್ದರು. ಅಲ್ಲಿ ಥೋರೆನ್ಸ್ ಟರ್ನ್‌ಟೇಬಲ್ ಇಟ್ಟುಕೊಂಡು ಗ್ರಾಸೊ, ಚಿಕಾಗೊ ಬ್ಯಾಂಡಿನ ಡ್ರಮ್ಸಿನ ಮೇಲೆ ಲೆಡ್ ಜೆಪೆಲಿನ್ ಗಾಯಕನ ಕೂಗನ್ನು ಹಾಯಿಸಿ ಜನರನ್ನು ಹುಚ್ಚೆಬ್ಬಿಸುತ್ತಿದ್ದ. ಆಗಿನ ರೆಕಾರ್ಡುಗಳಲ್ಲಿ ಡ್ರಮ್ಸ್ ಬಾರಿಸುತ್ತಿದ್ದವರು ಮನುಷ್ಯರು. ಮನುಷ್ಯ ಚರಣದಲ್ಲಿ ಸ್ವಲ್ಪ ಸಾವಕಾಶ ಮಾಡುತ್ತಾನೆ, ಪಲ್ಲವಿ ಬಂತೆಂದರೆ ಹುಮ್ಮಸ್ಸಿನಲ್ಲಿ ಮುನ್ನುಗ್ಗುತ್ತಾನೆ. ಹಾಗೆ ನಡಿಗೆ ಬದಲಿಸುವ ಇಬ್ಬರು ಡ್ರಮ್ಮರುಗಳನ್ನು ಗ್ರಾಸೊ ಒಟ್ಟಿಗೆ ನಡೆಸಬೇಕಿತ್ತು. ಕೈ ತೆಗೆಯುವ ಹಾಗೇ ಇರಲಿಲ್ಲ.

ನನ್ನ ಕಾಲಕ್ಕೆ ಆ ಕಷ್ಟದಲ್ಲಿ ಬಹುಪಾಲು ಮಾಯವಾಗಿತ್ತು. 1977ರಲ್ಲಿ ಬೀ ಜೀಸ್ ತಂಡ ಫ್ರಾನ್ಸಿನ ಸ್ಟುಡಿಯೋದಲ್ಲಿ ‘ಸ್ಟೇಯಿಂಗ್ ಅಲೈವ್’ ಮಾಡುತ್ತಿದ್ದಾಗ ಅವರ ಡ್ರಮ್ಮರ್ ಊರಲ್ಲಿರಲಿಲ್ಲ. ಇನ್ನೊಂದು ಹಾಡಿಗಾಗಿ ಅವನು ಬಾರಿಸಿದ್ದ ಎರಡು ಆವರ್ತದ ಟೇಪನ್ನು ಕತ್ತರಿಸಿ, ತುದಿಗೆ ತುದಿ ಅಂಟಿಸಿ, ಅದನ್ನೇ ಹಾಡಿನುದ್ದಕ್ಕೂ ಸುತ್ತಿಸಿದರು. ಹಾಗೆ ಸುತ್ತಿದ ಟೇಪಿಗೆ ಹುಮ್ಮಸ್ಸೂ ಇಲ್ಲ, ಸುಸ್ತೂ ಇಲ್ಲ. ರೆಕಾರ್ಡಿನ ಮೇಲೆ ಡ್ರಮ್ಮರನ ಜಾಗದಲ್ಲಿ ಬರ್ನಾರ್ಡ್ ಲೂಪ್ ಎಂಬ, ಇಲ್ಲದ ಒಬ್ಬನ ಹೆಸರು ಹಾಕಿ ತಮಾಷೆ ಮಾಡಿದರು. ಆಮೇಲೆ 1980ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿಯ 808, 1983ರಲ್ಲಿ 909 ಬಂದವು. ಡ್ರಮ್ಮರೇ ಯಂತ್ರವಾದ. ನಾನು ಆ ಪಬ್ಬಿನಲ್ಲಿ ಕೂಡಿಸಿದ ಹಾಡುಗಳಲ್ಲಿ ಹೆಚ್ಚಿನವು ಇಂಥ ಯಂತ್ರಗಳ ಮೇಲೆ ಕಟ್ಟಿದ್ದವು. ಒಮ್ಮೆ ವೇಗ ಹೊಂದಿಸಿದರೆ ಅವು ಕೊನೆಯವರೆಗೂ ಹೆಚ್ಚೂ ಕಡಿಮೆ ಹೇಳಿದಂತೆ ಕೇಳುತ್ತಿದ್ದವು.

ಟರ್ನ್‌ಟೇಬಲ್ಲೂ ಅಷ್ಟೇ. ಟೆಕ್ನಿಕ್ಸ್ ಎಸ್‌ಎಲ್-1200 ಮೊದಲು ಬಂದದ್ದು 1972ರಲ್ಲಿ, ಮನೆಯಲ್ಲಿ ಕೂತು ಕೇಳುವವರಿಗಾಗಿ. ನಮ್ಮವರ ಕೈಗೆ ಸರಿಯಾಗಿ ಕೂತದ್ದು 1979ರ ಎಂಕೆ2. ಬೆಲ್ಟಿಲ್ಲದೆ ಮೋಟಾರೇ ನೇರ ತಟ್ಟೆಯನ್ನು ತಿರುಗಿಸುತ್ತಿತ್ತು, ಒಳಗಿನ ಕ್ವಾರ್ಟ್ಜ್ ಹರಳು ವೇಗ ಕದಲದಂತೆ ಕಾಯುತ್ತಿತ್ತು, ಶೇ 8ರಷ್ಟು ಏರಿಳಿಸಲು ಉದ್ದನೆಯ ಸ್ಲೈಡರ್ ಬೇರೆ. ಎಂದರೆ ನನ್ನ ಕೈಚಳಕದ ಅರ್ಧ ಶ್ರೇಯಸ್ಸು ರೋಲ್ಯಾಂಡಿನದು, ಕಾಲು ಭಾಗ ಟೆಕ್ನಿಕ್ಸಿನದು. ಗ್ರಾಸೊ ಬಂದು ನೋಡಿದ್ದರೆ ನನ್ನನ್ನೂ ಸಲೀಸು ದಾರಿ ಹಿಡಿದವನೆಂದೇ ಅನ್ನುತ್ತಿದ್ದ.

ಕಣ್ಣಿನ ನೆರವೂ ಹೊಸದಲ್ಲ. ಈಗಿನ ಹುಡುಗರು ಕಿವಿ ಬಿಟ್ಟು ಪರದೆಯ ಮೇಲಿನ ಅಲೆಗಳನ್ನು ನೋಡಿ ಬೆರೆಸುತ್ತಾರೆ ಎಂದು ನಮ್ಮ ಪಂಗಡ ಗೊಣಗುತ್ತದೆ. ಎಪ್ಪತ್ತರ ದಶಕದಲ್ಲೇ ಬ್ರಾಂಕ್ಸಿನ ಗ್ರ್ಯಾಂಡ್‌ಮಾಸ್ಟರ್ ಫ್ಲಾಶ್ ರೆಕಾರ್ಡಿನ ಮೇಲೆ ಕ್ರೇಯಾನಿನಲ್ಲಿ ಗುರುತು ಹಾಕಿಕೊಂಡು, ಬೇಕಾದ ಹೊಡೆತವನ್ನು ಕಣ್ಣಿನಿಂದಲೇ ಹುಡುಕುತ್ತಿದ್ದ. ನಾವೂ ಗಡಿಯಾರ ಹಿಡಿದು ಹೊಡೆತ ಎಣಿಸಿ ಕವರಿನ ಮೂಲೆಯಲ್ಲಿ ಪೆನ್ಸಿಲಿನಿಂದ ಬರೆದಿಡುತ್ತಿದ್ದೆವು.

ಹಾಗಾಗಿ 2012ರಲ್ಲಿ ಪಯೋನಿಯರ್ ಕಂಪನಿ ಕ್ಲಬ್ಬುಗಳ ದೊಡ್ಡ ಪ್ಲೇಯರಾದ ಸಿಡಿಜೆ-2000 ನೆಕ್ಸಸ್ ಮೇಲೆ ಸಿಂಕ್ ಗುಂಡಿ ಕೂರಿಸಿದಾಗ ಅಷ್ಟೊಂದು ರಂಪ ಆಗಬೇಕಿರಲಿಲ್ಲ. ಲ್ಯಾಪ್‌ಟಾಪಿನ ತಂತ್ರಾಂಶಗಳಲ್ಲಿ ಅದು ಮೊದಲೇ ಇತ್ತು. ಅಣ್ಣನ ಮಗಳಿಗೆ ನಾನು ಹೇಳಿದ್ದೂ ಅದನ್ನೇ: “ಒತ್ತು ಕಣೇ, ಧಾರಾಳವಾಗಿ ಒತ್ತು.” ಹೊಸಬರಿಗೆ ಕಲಿಯಬೇಕಾದದ್ದು ಬೇಕಾದಷ್ಟಿದೆ. ಯಾವ ಹಾಡಿನ ನಂತರ ಯಾವುದು, ಎಂಟೆಂಟರ ಆವರ್ತದಲ್ಲಿ ಎಲ್ಲಿ ಒಳಗೆ ಬರಬೇಕು, ಎಲ್ಲಿ ಬರಬಾರದು, ಕುಣಿಯುವವರು ದಣಿದಿದ್ದಾರೋ ಬೇಸತ್ತಿದ್ದಾರೋ. ಇದು ಯಾವುದಕ್ಕೂ ಗುಂಡಿಯಿಲ್ಲ. ವೇಗ ಹೊಂದಿಸುವುದರಲ್ಲೇ ಆರು ತಿಂಗಳು ಕಳೆದು ಬೇಸತ್ತು ಕಂಟ್ರೋಲರನ್ನು ಅಟ್ಟಕ್ಕೆ ಹಾಕುವುದಕ್ಕಿಂತ ಗುಂಡಿ ಒತ್ತುವುದು ವಾಸಿ. ತಲೆ ತಗ್ಗಿಸಿ ಸ್ಲೈಡರ್ ಉಜ್ಜುತ್ತಿದ್ದ ನಾನು ಮೊದಮೊದಲು ಎದುರಿಗಿದ್ದ ಜನರ ಮುಖವನ್ನೇ ನೋಡಿರಲಿಲ್ಲ.

ಇಲ್ಲಿಗೆ ಮಾತು ಮುಗಿಯುತ್ತಿತ್ತು, ನಮ್ಮ ಕಡೆಯ ಮದುವೆಗಳು ಇಲ್ಲದಿದ್ದರೆ.

ಗುಬ್ಬಿ ಹತ್ತಿರದ ಒಂದು ರಿಸೆಪ್ಷನ್ನಿಗೆ ಅಣ್ಣನ ಮಗಳ ಜೊತೆ ಹೋಗಿದ್ದೆ. ಹೊಸ ಸಿನಿಮಾ ಹಾಡುಗಳು ಸರಾಗವಾಗಿ ಕೂಡುತ್ತಿದ್ದವು. ಹುಡುಗರು ಬೆವರುತ್ತಿದ್ದರು. ಆಗ ಮದುಮಗಳ ಅಜ್ಜಿ ಯಾರ ಕೈಲೋ ಹೇಳಿ ಕಳಿಸಿದರು, ‘ಎರಡು ಕನಸು’ ಚಿತ್ರದ ಹಾಡು ಹಾಕಬೇಕಂತೆ. ಹುಡುಗಿ ಉತ್ಸಾಹದಿಂದ ಹಾಡು ಹುಡುಕಿ, ಹುಡುಗರೂ ಕುಣಿಯುವುದನ್ನು ಬಿಡದಿರಲಿ ಎಂದು ಅದರ ಕೆಳಗೊಂದು ಹೊಸ ಡ್ರಮ್ಸ್ ಹೊಡೆತ ಇಟ್ಟು ಸಿಂಕ್ ಒತ್ತಿದಳು. ಪಲ್ಲವಿ ಭರ್ಜರಿ. ಚರಣ ಬರುವಷ್ಟರಲ್ಲಿ ತಬಲ ಒಂದು ದಾರಿ, ಡ್ರಮ್ಸ್ ಇನ್ನೊಂದು ದಾರಿ. ಪರದೆಯ ಮೇಲೆ ಮಾತ್ರ ಎಲ್ಲ ಗೆರೆಗಳೂ ಒಂದರ ಕೆಳಗೊಂದು ನೇರವಾಗಿ ನಿಂತಿದ್ದವು. ಅವಳು ಪರದೆ ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಪರದೆ ನೋಡಿದಳು. ಅಜ್ಜಿ ಮಾತ್ರ ಹಾಡಿನ ಜೊತೆ ಸರಿಯಾಗಿಯೇ ತಾಳ ಹಾಕುತ್ತಿದ್ದರು.

ತಂತ್ರಾಂಶದ ತಪ್ಪೇನಿಲ್ಲ. ಅದು ಹಾಡನ್ನು ಓದಿ, ಎಲ್ಲೆಲ್ಲಿ ಪೆಟ್ಟು ಜೋರಾಗಿದೆ ಎಂದು ನೋಡಿ, ಸಮ ದೂರದಲ್ಲಿ ಗೆರೆ ಎಳೆಯುತ್ತದೆ. ಯಂತ್ರ ಬಾರಿಸಿದ ಹಾಡಿಗೆ ಈ ಗೆರೆಗಳು ಕರಾರುವಾಕ್ಕು. ‘ಎರಡು ಕನಸು’ 1974ರದು, ರಾಜನ್-ನಾಗೇಂದ್ರ ಅವರದು. ಆ ಕಾಲದ ನಮ್ಮ ಹಾಡುಗಳು ಮದ್ರಾಸಿನ ಸ್ಟುಡಿಯೋಗಳಲ್ಲಿ ಗಾಯಕರೂ ವಾದ್ಯದವರೂ ಒಟ್ಟಿಗೆ ಕೂತು, ಒಬ್ಬರನ್ನೊಬ್ಬರು ನೋಡಿಕೊಂಡು ನುಡಿಸಿದವು. ಗಾಯಕ ಒಂದು ಸ್ವರದ ಮೇಲೆ ತುಸು ಹೆಚ್ಚು ನಿಂತರೆ ತಬಲದವನೂ ನಿಲ್ಲುತ್ತಾನೆ. ಮೂರರ ನಡೆಯ ಹಾಡಾದರೆ ಇನ್ನೂ ಪಜೀತಿ. ನಾಲ್ಕರ ಲೆಕ್ಕಕ್ಕೆ ಒಗ್ಗಿದ ತಂತ್ರಾಂಶ ಎಲ್ಲಿಂದಲೋ ಎಣಿಕೆ ಶುರುಮಾಡುತ್ತದೆ. ಬದಲಾಗುವ ಗತಿಯ ಹಿಂದೆಯೇ ಗೆರೆ ಎಳೆಯುವ ಸೌಲಭ್ಯವೂ ಬಂದಿದೆ, ನಿಜ. ಆಗ ಜೊತೆಗಿರುವ ಯಂತ್ರದ ಹಾಡೂ ತಬಲದವನ ಹಿಂದೆ ಹಿಂದೆ ಏರಿಳಿಯುತ್ತದೆ. ಅದನ್ನು ಕೇಳಿಯೇ ನೋಡಬೇಕು.

ಇಂಗ್ಲಿಷ್ ಡಿಸ್ಕೋ ಕೂಡ ಇದಕ್ಕೆ ಹೊರತಲ್ಲ. 1974ರಲ್ಲಿ ‘ಕುಂಗ್ ಫೂ ಫೈಟಿಂಗ್’ ಹಾಡನ್ನು ಲಂಡನ್ನಿನಲ್ಲಿ ತಯಾರಿಸಿ ಅಮೆರಿಕ, ಬ್ರಿಟನ್ ಎರಡರಲ್ಲೂ ಮೊದಲ ಸ್ಥಾನಕ್ಕೇರಿಸಿದವರು ಬೆಂಗಳೂರಿನಲ್ಲಿ ಹುಟ್ಟಿದ ಕೊಡವರು, ಬಿದ್ದು ಅಪ್ಪಯ್ಯ. ರೆಕಾರ್ಡಿನ ಇನ್ನೊಂದು ಮಗ್ಗುಲು ತುಂಬಲೆಂದು ಕೊನೆಯ ಗಳಿಗೆಯಲ್ಲಿ ಅವಸರದಿಂದ ಮುಗಿಸಿದ ಹಾಡದು. ನಮ್ಮ ಸೀನಿಯರಿಗೆ ಅದರ ಮೇಲೆ ವಿಶೇಷ ಪ್ರೀತಿ. ನಾನು ಕಲಿತೆ ಎಂದು ಬೀಗಿದಾಗಲೆಲ್ಲ ಅದನ್ನು ಹಾಕಿ, “ಇದಕ್ಕೆ ಕೂಡಿಸು, ನೋಡೋಣ” ಅನ್ನುತ್ತಿದ್ದರು.

ಗುಬ್ಬಿಯಿಂದ ಬಂದ ಮಾರನೆಯ ದಿನ ಹುಡುಗಿ ತಾನಾಗಿಯೇ ಲ್ಯಾಪ್‌ಟಾಪಿನ ಪರದೆಗೆ ಬೈರಾಸ ಹೊದಿಸಿ, ಹೆಡ್‌ಫೋನನ್ನು ಒಂದೇ ಕಿವಿಗೆ ಹಾಕಿಕೊಂಡು ಕೂತಳು. ನಾನು ಪಕ್ಕದಲ್ಲಿ ಕೂತು, ಯಾವುದು ಮುಂದೆ ಓಡುತ್ತಿದೆ ಎಂದು ಕೇಳುವ ಕೆಲಸ ವಹಿಸಿಕೊಂಡೆ. ನನಗಿಂತ ಬೇಗ ಕಲಿತಳು. ಸಿಂಕ್ ಒತ್ತಿ ಒತ್ತಿ ‘ಸರಿಯಾಗಿ ಕೂಡಿದಾಗ ಹೀಗೆ ಕೇಳುತ್ತದೆ’ ಎಂಬುದು ಅವಳ ಕಿವಿಗೆ ಮೊದಲೇ ಗೊತ್ತಿತ್ತು. ನನಗೆ ಅದನ್ನು ತಿಳಿಯುವುದಕ್ಕೇ ಅರ್ಧ ಮಳೆಗಾಲ ಬೇಕಾಗಿತ್ತು. ಗುಂಡಿಯ ಪರವಾಗಿ ಯಾರಾದರೂ ವಾದಿಸುವುದಾದರೆ ಈ ಒಂದು ಮಾತು ಸಾಕು.

ಈಗ ಅವಳು ಹೊಸ ಹಾಡಿಗೆ ಗುಂಡಿ ಒತ್ತುತ್ತಾಳೆ, ಹಳೆಯದಕ್ಕೆ ಒತ್ತುವುದಿಲ್ಲ. ಕೆಲವು ಹಳೆಯ ಹಾಡುಗಳನ್ನಂತೂ ಯಾವುದರ ಜೊತೆಗೂ ಕೂಡಿಸುವುದಿಲ್ಲ. ಪೂರ್ತಿ ಮುಗಿಯಲು ಬಿಟ್ಟು, ನಡುವೆ ಸಂದಿ ಕೊಟ್ಟು, ಆಮೇಲೆ ಮುಂದಿನದು. ಅವಳ ತಾತ ಮಾಡುತ್ತಿದ್ದದ್ದೂ ಅದನ್ನೇ ಎಂದು ನಾನಿನ್ನೂ ಅವಳಿಗೆ ಹೇಳಿಲ್ಲ. ಹೇಳಿದರೆ ಆ ಸಂದಿಯಲ್ಲಿ ಊಟಕ್ಕೆ ಕರೆಯುವ ಕೆಲಸ ನನಗೇ ಬೀಳುತ್ತದೆ.

ಮದುವೆಗೆ ಡಿಜೆ ಕರೆಸುವವರಲ್ಲಿ ಒಂದು ವಿನಂತಿ. ರಾಜನ್-ನಾಗೇಂದ್ರ, ಜಿ.ಕೆ. ವೆಂಕಟೇಶ್ ಅವರ ಹಾಡು ಬೇಕಿದ್ದರೆ ಒಂದು ದಿನ ಮೊದಲೇ ತಿಳಿಸಿ, ಕೇಳಿಕೊಂಡು ಬರಬೇಕಾಗುತ್ತದೆ. ಅಜ್ಜಿಯರ ಹಾಡನ್ನು ಕೊನೆಗೆ ಉಳಿಸಬೇಡಿ. ರಾತ್ರಿ ಹತ್ತಾದ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ.