ಮಸೂರದ ಮುಂದೆ

ಛಾಯಾಚಿತ್ರಕ್ಕೆಂದು ಕುಳಿತ ಮನುಷ್ಯನಷ್ಟು ಕೃತಕವಾದ ಪ್ರಾಣಿ ಇನ್ನೊಂದಿಲ್ಲ. ಗಳಿಗೆಯ ಹಿಂದೆ ಎಲೆಅಡಿಕೆ ಮೆಲ್ಲುತ್ತ ಮಳೆಬೆಳೆಯ ಮಾತನಾಡುತ್ತಿದ್ದವನು, ಕ್ಯಾಮರಾ ತನ್ನತ್ತ ತಿರುಗಿದೊಡನೆ ಕತ್ತು ಸೆಟೆಸಿ, ಉಸಿರು ಬಿಗಿಹಿಡಿದು, ಗೋಡೆಗೆ ಒರಗಿಸಿದ ಹಲಗೆಯಾಗುತ್ತಾನೆ. ಮೊದಲಿನ ಆ ಮನುಷ್ಯನನ್ನು ಮತ್ತೆ ಹೊರಕ್ಕೆ ಕರೆತರುವುದೇ ವ್ಯಕ್ತಿಚಿತ್ರಕಾರನ ನಿಜವಾದ ಕೆಲಸ. ಜಾಣನಾದ ಛಾಯಾಗ್ರಾಹಕನು ಅವನನ್ನು ಕಿಟಕಿಯ ಬಳಿ ಕೂರಿಸುತ್ತಾನೆ. ಒಂದು ಪಕ್ಕದಿಂದ ಬೀಳುವ ಮೃದುವಾದ ಬೆಳಕಿನಲ್ಲಿ ಮುಖದ ಏರಿಳಿತಗಳೆಲ್ಲ ಮೂಡುತ್ತವೆ. ತೀರ ಸಮೀಪದಿಂದ ತೆಗೆದರೆ ಮೂಗು ದಪ್ಪನಾಗಿಯೂ ಕಿವಿಗಳು ಸಣ್ಣವಾಗಿಯೂ ಕಾಣುವುದರಿಂದ, ಆರೇಳು ಅಡಿ ಹಿಂದೆ ಸರಿದು, 85 ಅಥವಾ 105 ಮಿಲಿಮೀಟರ್ ಸಂಗಮದೂರದ ಮಸೂರವನ್ನು ಬಳಸುತ್ತಾನೆ. ಆಮೇಲೆ ಊರ ಜಾತ್ರೆಯ ಮಾತೆತ್ತಿ, ಮುಖದ ಬಿಗಿ ಸಡಿಲುವ ಕ್ಷಣಕ್ಕಾಗಿ ಕಾಯುತ್ತಾನೆ.

ಕಾಡಿನ ಜೀವಿಗೆ ಈ ನಟನೆ ತಿಳಿಯದು. ಅದು ಬಲ್ಲದ್ದು ಓಡಿಹೋಗುವುದನ್ನು. ಆದ್ದರಿಂದ ಇಲ್ಲಿ ವೇಷ ಹಾಕಬೇಕಾದವನು ಛಾಯಾಗ್ರಾಹಕನೇ. ನೀರಿನ ಗುಂಡಿಯ ಬಳಿ ಎಲೆಬಣ್ಣದ ಬಟ್ಟೆಯಿಂದ ಒಂದು ಮರೆ ಕಟ್ಟಿ, ಅದರೊಳಗೆ ಗಂಟೆಗಟ್ಟಲೆ ಕುಳಿತಿರುತ್ತಾನೆ. ಒಳಹೋಗುವುದಕ್ಕೂ ಒಂದು ಉಪಾಯವುಂಟು. ಇಬ್ಬರು ಒಟ್ಟಿಗೆ ಹೋಗಿ, ಒಬ್ಬನು ಎದ್ದು ಕಾಣುವಂತೆ ಹೊರಟುಬರುತ್ತಾನೆ. ಲೆಕ್ಕದಲ್ಲಿ ಅಷ್ಟೇನೂ ಗಟ್ಟಿಯಲ್ಲದ ಹಕ್ಕಿ ಅಪಾಯ ಕಳೆಯಿತೆಂದು ನಂಬುತ್ತದೆ. ಲೆಕ್ಕದ ಈ ದೌರ್ಬಲ್ಯ ಹಕ್ಕಿಗಳಿಗೆ ಮಾತ್ರ ಮೀಸಲಲ್ಲವೆಂಬುದನ್ನು ಗಣಿತದ ಉಪಾಧ್ಯಾಯರು ಬಲ್ಲರು! ವನ್ಯಜೀವಿ ಛಾಯಾಗ್ರಹಣದಲ್ಲಿ ಹೆಸರುಗಳಿಸಿದ ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ (1932–2017) ಫಿಲ್ಮ್ ಸುರುಳಿಯ ಕಾಲದಲ್ಲಿ ಪಳಗಿದವರು. ಅಂದಿನ ಒಂದು ಸುರುಳಿಗೆ ಸಾಮಾನ್ಯವಾಗಿ 36 ಚಿತ್ರಗಳು. ಕಾಯಲಾರದವನಿಗೆ ಅದು ಕ್ಷಣಾರ್ಧದಲ್ಲಿ ಮುಗಿಯುವ ಸಂಪತ್ತು.

ಮನುಷ್ಯನಾಗಲಿ ಮರಕುಟಿಗವಾಗಲಿ, ಚಿತ್ರಕ್ಕೆ ಜೀವ ಬರುವುದು ಕಣ್ಣಿನಿಂದ. ಬಾಲದ ಗರಿ ಮಸುಕಾದರೂ ಸಹಿಸಬಹುದು, ಕಣ್ಣು ಮಸುಕಾಗಬಾರದು. ಮಸೂರವನ್ನು ಆ ಕಣ್ಣಿನ ಮಟ್ಟಕ್ಕೆ ಇಳಿಸಬೇಕು. ಅಂದರೆ ಕೆಲವೊಮ್ಮೆ ಕೆಸರಿನಲ್ಲಿ ಮಲಗಬೇಕು. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿನಲ್ಲಿ ಇಷ್ಟು ಕಷ್ಟವಿಲ್ಲ. ಅಲ್ಲಿನ ಕೊಕ್ಕರೆಗಳು ದೋಣಿಗೆ ಒಗ್ಗಿಹೋಗಿವೆ.

ಇಂತಹ ಅನುಕೂಲವಿಲ್ಲದ ಕಡೆ ಕೆಲವರು ಹಿಡಿಯುವ ಅಡ್ಡದಾರಿಯೆಂದರೆ ಗೂಡು. ಮರಿಗಳಿರುವಲ್ಲಿಗೆ ತಾಯಿ ಬಂದೇ ಬರುತ್ತದೆ; ಕಾಯುವ ಶ್ರಮ ಉಳಿಯಿತು. ನೋಟಕ್ಕೆ ಅಡ್ಡವೆಂದು ಒಂದು ರೆಂಬೆಯನ್ನು ಕತ್ತರಿಸುತ್ತಾರೆ. ಆ ರೆಂಬೆ ಮರಿಗಳಿಗೆ ಬಿಸಿಲಿನಲ್ಲಿ ಕೊಡೆಯಾಗಿತ್ತು, ಕಾಗೆಯ ಕಣ್ಣಿಗೆ ತೆರೆಯಾಗಿತ್ತು. ಬೆದರಿದ ತಾಯಿ ಗೂಡನ್ನೇ ತೊರೆಯುವುದೂ ಉಂಟು. ಚಿತ್ರ ಮಾತ್ರ ಸೊಗಸಾಗಿ ಬಂದಿರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು 'ಬೇಟೆ' ಎಂಬ ಪದಕ್ಕೆ ಕೊಟ್ಟಿರುವ ಅರ್ಥದಲ್ಲಿ, ಕಾಡುಹಕ್ಕಿಗಳ ಮೊಟ್ಟೆಗಳಿಗೂ ಗೂಡುಗಳಿಗೂ ತೊಂದರೆ ಕೊಡುವುದು ಸೇರಿದೆ. ಕೋವಿ ಹಿಡಿಯದವನೂ ಬೇಟೆಗಾರನಾಗಬಲ್ಲನು.

ತನ್ನ ಚಿತ್ರ ಬೇಡವೆಂದರೆ ಮನುಷ್ಯನು ಕೈಯನ್ನು ಅಡ್ಡ ಹಿಡಿದಾನು. ಹಕ್ಕಿ ಅದನ್ನೇ ಬೇರೊಂದು ರೀತಿಯಲ್ಲಿ ಹೇಳುತ್ತದೆ. ಕೊಕ್ಕಿನಲ್ಲಿ ಹುಳುವನ್ನು ಕಚ್ಚಿಕೊಂಡು, ಗೂಡಿಗೆ ಇಳಿಯದೆ, ಕೊಂಬೆಯಿಂದ ಕೊಂಬೆಗೆ ಹಾರುತ್ತ ಚಡಪಡಿಸುತ್ತದೆ. ಆ ಮಾತನ್ನು ಬಲ್ಲ ಛಾಯಾಗ್ರಾಹಕನು ಮಸೂರಕ್ಕೆ ಮುಚ್ಚಳ ಹಾಕಿ, ಬಂದ ದಾರಿಯಲ್ಲೇ ಹಿಂದಿರುಗುತ್ತಾನೆ. ದೂರ ಹೋಗಿ ತಿರುಗಿ ನೋಡುವಷ್ಟರಲ್ಲಿ ಹಕ್ಕಿ ಗೂಡಿನಲ್ಲಿರುತ್ತದೆ.